ಖಾಲಿ ನಳಿಕೆ

ಮೊದಲು ಪಂಪಿನ ಮಾತು ನಿಜವೋ ಎಂದು ನೋಡಬೇಕು.
ಗಾಜಿನ ಕೊಳವೆಯ ಬುಡದಲ್ಲಿ ಸೋಪಿನದೊಂದು ಪೊರೆ,
ಕೈಯಲ್ಲಿ ಸ್ಟಾಪ್‌ವಾಚ್.
ಪೊರೆ ನಡುಗುತ್ತ ಏರುತ್ತದೆ ಗೆರೆಯಿಂದ ಗೆರೆಗೆ,
ನಿಮಿಷಕ್ಕೆ ಒಂದು ಲೀಟರ್.
ಮೂರು ಸಲವೂ ಒಡೆಯದೆ ಏರಿದರೆ ಆ ದಿನ ಒಳ್ಳೆಯದು
ಅಂತ ನನ್ನದೊಂದು ಮೂಢನಂಬಿಕೆ.
ಬದ್ರಿಯಾಗೆ ಹೇಳಿಲ್ಲ.

ಗಾಳಿ ಬಂದಾಗ ತೂರಿಕೋ ಅನ್ನುತ್ತಿದ್ದ ಮನೆ ನಮ್ಮದು.
ಗಾಳಿಯನ್ನೇ ಅಳೆದು ಸಂಬಳ ತರುತ್ತೇನೆಂದಾಗ
ಅಕ್ಕ ಫೋನಿನಲ್ಲಿ ನಕ್ಕಳು: "ಯಾವ ಸೇರಿನಲ್ಲಿ?"

ಬರ್ಕಾ. ಸೆಪ್ಟೆಂಬರ್. ಬೆಳಗಿನ ಐದೂವರೆ.
ಆಚೆಗೆ ಸಮುದ್ರ ಬೆವರುತ್ತಿದೆ.
ಸೌತೆಕಾಯಿಯ ಹಸಿರುಮನೆಗಳು,
ಉಬ್ಬಿದ ಪ್ಲಾಸ್ಟಿಕ್ಕಿನ ಹನ್ನೆರಡು ಬೆನ್ನು.
ಮೊತಾಲಿಬ್‌ನ ಕಾಲರಿಗೆ ನಳಿಕೆ ಸಿಕ್ಕಿಸುತ್ತೇನೆ,
ಬಾಯಿ ಕೆಳಗಾಗಿ, ಮೂಗಿನಿಂದ ಒಂದು ಗೇಣಿನೊಳಗೆ.
ಸೊಂಟಕ್ಕೆ ಪಂಪು. ಅದು ಗುರುಗುಡುತ್ತದೆ.
"ಬಿಲ್ಲಿ," ಅನ್ನುತ್ತಾನೆ, ಆಮೇಲೆ ಇಡೀ ಪಾಳಿ
ಬೆಕ್ಕು ಎತ್ತಿಕೊಂಡವನ ಹಾಗೆ ನಡೆಯುತ್ತಾನೆ.

ಬೆನ್ನಿಗೆ ಹದಿನಾರು ಲೀಟರಿನ ಡಬ್ಬ. ಅದರಲ್ಲಿರುವುದಕ್ಕೆ
ಅವನ ಭಾಷೆಯಲ್ಲಿ ಓಷುಧ್,
ಮಾಲೀಕರ ಬಾಯಲ್ಲಿ ದವಾ,
ನಾವೂ ಔಷಧಿ ಅಂತಲೇ ಹೊಡೆಯುತ್ತಿದ್ದೆವು ಭತ್ತಕ್ಕೆ.
ಮೂರರಲ್ಲಿ ಒಂದಾದರೂ ಬಾಯಿತಪ್ಪಿ
ನಿಜ ಹೇಳಬಾರದಿತ್ತೇ.

ನಳಿಕೆಯೊಳಗೆ ಏನಿದೆ, ಕೇಳಿದ.
ಒಂದು ಬಿಲ್ಲೆ ಸೋಸುಕಾಗದ, ರಾಗಿಕಾಳಿನಂಥ ರಾಳದ ಮಣಿ, ಚೂರು ಸ್ಪಂಜು.
ತುಂತುರು ಕಾಗದದಲ್ಲಿ ನಿಲ್ಲುತ್ತದೆ, ಆವಿ ಮಣಿಗಳಲ್ಲಿ,
ಅಲ್ಲೂ ತಪ್ಪಿಸಿಕೊಂಡದ್ದನ್ನು ಸ್ಪಂಜು ಹಿಡಿದುಕೊಡುತ್ತದೆ.
"ನನ್ನೊಳಗೂ ಇಂಥದ್ದೇ ಇದೆಯಾ?"
ನಾನು ಸಮಯ ಬರೆದುಕೊಂಡೆ: 5.52.

ಪ್ರತಿ ಹತ್ತು ನಳಿಕೆಗೆ ಒಂದು ಖಾಲಿ.
ಅದೂ ನಮ್ಮ ಜೊತೆ ಬರುತ್ತದೆ. ಅದರ ಮುಚ್ಚಳವನ್ನೂ ತೆಗೆಯುತ್ತೇವೆ,
ಕೂಡಲೇ ಮುಚ್ಚುತ್ತೇವೆ. ಒಂದು ಗುಟುಕೂ ಗಾಳಿ ಕುಡಿಸುವುದಿಲ್ಲ.
ದಿಬ್ಬಣದ ಜೊತೆ ಬಂದು ಊಟ ಮಾಡದೆ ಹೋಗುವ ನೆಂಟ.
ದಾರಿಯಲ್ಲಿ, ಪೆಟ್ಟಿಗೆಯಲ್ಲಿ, ನಮ್ಮದೇ ಕೈಯಲ್ಲಿ ಏನಾದರೂ ಅಂಟಿದ್ದರೆ
ಅದು ಹೇಳಬೇಕು.
ಸಾಮಾನ್ಯವಾಗಿ ಏನೂ ಹೇಳುವುದಿಲ್ಲ.

ಆ ಸಂಜೆ ಗಾಡಿ ಕೆಟ್ಟಿತು. ಐಸ್‌ಪೆಟ್ಟಿಗೆ ಹಿಡಿದು ಟ್ಯಾಕ್ಸಿ ಹತ್ತಿದೆ,
ಖಾಲಿ ನಳಿಕೆ ಹಿಂದುಳಿಯಿತು.
ನನ್ನ ರೂಮಿನಲ್ಲಿ ಎಸಿ ಇದೆ, ಕೆಡುವುದಿಲ್ಲ, ಎಂದು ಮೊತಾಲಿಬ್
ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದನಂತೆ.
ಬೆಳಿಗ್ಗೆ ಒಪ್ಪಿಸಿದ, ಕರವಸ್ತ್ರದಲ್ಲಿ ಸುತ್ತಿ.
ಒಂದು ಮುಚ್ಚಳ ಸಡಿಲ.

ದ್ರಾವಣದಲ್ಲಿ ತೊಳೆದು ಸೂಜಿಮೊನೆಯಷ್ಟನ್ನು ಯಂತ್ರಕ್ಕೆ ಕೊಟ್ಟೆವು.
ಹನ್ನೊಂದನೇ ನಿಮಿಷ,
ಸುಮ್ಮನೆ ಮಲಗಿರಬೇಕಾದ ಗೆರೆ
ಗೂಟದಂತೆ ಎದ್ದು ನಿಂತಿತು.
ಬದ್ರಿಯಾ ಕನ್ನಡಕ ತೆಗೆದು ಒರೆಸಿದಳು.

ಸೂತ್ರ ಸರಳ: ಸಿಕ್ಕಿದ್ದರಲ್ಲಿ ಖಾಲಿಯದನ್ನು ಕಳೆ,
ಎಳೆದ ಗಾಳಿಯ ಲೀಟರಿನಿಂದ ಭಾಗಿಸು.
ಕಳೆದೆ. ಅವನ ಹಗಲು ಮಿತಿಯೊಳಗೆ ಬಂತು.
ಅವನ ಹಗಲಿನಲ್ಲಿ ಅವನ ರಾತ್ರಿಯನ್ನು ಕಳೆದವರು ನಾವೇ,
ಪೆನ್ಸಿಲ್ಲಿನಲ್ಲಿ.

ಅಳಿಸಿದೆ.

ಗುರುವಾರ ಅವನ ರೂಮು ನೋಡಿದೆ.
ಪ್ಲೈವುಡ್ ಗೋಡೆಯ ಆಚೆ ಡಬ್ಬಗಳ ಉಗ್ರಾಣ,
ಗೋಡೆಯ ನೆತ್ತಿಯಲ್ಲಿ ತೂತು, ಎರಡಕ್ಕೂ ಒಂದೇ ಎಸಿ.
ಸೆಕೆಗೆ ಔಷಧಿ ಕೆಡಬಾರದೆಂದು ಹಾಕಿಸಿದ್ದು.
"ಈ ತೋಟದಲ್ಲಿ ತಣ್ಣಗೆ ನಿದ್ದೆ ಮಾಡುವವನು ನಾನೊಬ್ಬನೇ,"
ಎಂದ, ಸ್ವಲ್ಪ ಜಂಬದಿಂದ.

ಖಾಲಿ ಅಶುದ್ಧ, ಮಾದರಿ ತಿರಸ್ಕೃತ
ಎಂದು ಬರೆಯಬೇಕಿತ್ತು ಬದ್ರಿಯಾ. ಬರೆದಳು.
ಆಮೇಲೆ ಹೊಸ ಹಾಳೆ ಎಳೆದು
ಸ್ಥಳ ಎಂಬಲ್ಲಿ: ಮಲಗುವ ಕೋಣೆ.
ಸಮಯ: ರಾತ್ರಿ ಒಂಬತ್ತರಿಂದ.

ಇವತ್ತು ಸೋಪಿನ ಪೊರೆ ಎರಡು ಸಲ ಒಡೆಯಿತು.
ಅವನ ಹಾಸಿಗೆಯಲ್ಲಿ ಪಂಪು ಮಲಗಿದೆ,
ನಳಿಕೆಯ ಬಾಯಿ ದಿಂಬಿನ ತಗ್ಗಿನ ಮೇಲೆ.
ಅವನು ಹೊರಗೆ, ನಮ್ಮ ಗಾಡಿಯ ಪಕ್ಕ ಚಾಪೆ ಹಾಸಿ,
ಸೆಕೆಗೆ ನನ್ನನ್ನೇ ಬೈಯುತ್ತ.
"ಎಷ್ಟಾಯಿತು?" ಅಂತ ಗಂಟೆಗೊಮ್ಮೆ ಏಳುತ್ತಾನೆ,
ಟ್ಯಾಕ್ಸಿಯ ಮೀಟರು ಓಡುತ್ತಿದ್ದ ಹಾಗೆ.